ಮಾಂಡ್ವಿಯಿಂದ ಸಹಾರ್‌ವರೆಗೆ

ಮುಂಬಯಿಯಲ್ಲಿ ಎಷ್ಟೋ ವರ್ಷ ಕಳೆದಿದ್ದರೂ ನೀವು ಮಾಂಡ್ವಿಯನ್ನು ನೋಡಿರಲಿಕ್ಕಿಲ್ಲ. ನೆಂಟರಿಷ್ಟರು ಬಂದಾಗ ಕರೆದುಕೊಂಡು ಹೋಗಿ ತೋರಿಸುವಂಥ ಜಾಗವೂ ಅದಲ್ಲ. ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದರೆ ಮೆಣಸಿನ ಘಾಟು, ಗೋಣಿಯ ಧೂಳು, ಕೈಗಾಡಿ ಎಳೆಯುವವರ ಕೂಗು. ಆದರೆ ವಿಮಾನ ಹತ್ತುವ ಮುನ್ನ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ನೀವಾಗಿದ್ದರೆ, ಆ ಕಥೆಯ ಒಂದು ಎಳೆ ಈ ಗಲ್ಲಿಗಳಿಂದಲೇ ಹೊರಟದ್ದು.

1896ರ ಸೆಪ್ಟೆಂಬರಿನಲ್ಲಿ ಡಾ. ಅಕೇಸಿಯೊ ವೀಗಸ್ ಇಲ್ಲಿಯ ರೋಗಿಯೊಬ್ಬನನ್ನು ನೋಡಿ ಇದು ಪ್ಲೇಗು ಎಂದರು. (ಧೋಬಿತಲಾವ್‌ನಲ್ಲಿ, ಮೆಟ್ರೊ ಸಿನೆಮಾದ ಎದುರಿಗೆ ಅವರ ಪ್ರತಿಮೆಯಿದೆ. ದಿನವೂ ಅದನ್ನು ದಾಟಿ ಹೋಗುವವರಲ್ಲಿ ತಲೆಯೆತ್ತಿ ನೋಡುವವರು ಕಡಿಮೆ.) ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಯುರೋಪಿನ ದೇಶಗಳಿಗೆ ಹೆದರಿಕೆ ಹತ್ತಿತು. 1897ರಲ್ಲಿ ವೆನಿಸ್ ನಗರದಲ್ಲಿ ಸಮ್ಮೇಳನ ಸೇರಿತು. ಮುಂಬಯಿಯ ಸರಕನ್ನು ಬಂದರಿನಲ್ಲೇ ತಡೆದಾರು ಎಂಬ ಚಿಂತೆ ಇಲ್ಲಿಯ ಸರಕಾರಕ್ಕೆ. ಮೊದಲ ಪೆಟ್ಟು ಬಿದ್ದದ್ದು ಹಜ್ ಯಾತ್ರಿಕರಿಗೆ. ಆ ವರ್ಷ ಮುಂಬಯಿಯಿಂದ ಅವರ ಹಡಗು ಹೊರಡುವುದೇ ನಿಂತಿತು. ಉಳಿದ ಹಡಗುಗಳ ಪ್ರಯಾಣಿಕರನ್ನು ಧಕ್ಕೆಯಲ್ಲಿ ಸಾಲಾಗಿ ನಿಲ್ಲಿಸಿ ವೈದ್ಯರು ಪರೀಕ್ಷಿಸಿದರು. ಮೈ ಬಿಸಿಯಿದೆಯೇ, ಕಂಕುಳು ತೊಡೆಸಂದಿಗಳಲ್ಲಿ ಗಡ್ಡೆಯಿದೆಯೇ ಎಂದು ಮುಟ್ಟಿ ನೋಡುವುದೇ ಪರೀಕ್ಷೆ. ರೈಲು ಪ್ಲಾಟ್‌ಫಾರ್ಮಿನಲ್ಲಿಯೂ ಅದೇ. ಹೆಂಗಸರ ಮೈ ಮುಟ್ಟುವ ವಿಚಾರದಲ್ಲಿ ಎದ್ದ ಗಲಾಟೆ ಸಣ್ಣದಲ್ಲ. ಇದಕ್ಕೆಲ್ಲ ಅಧಿಕಾರ ಕೊಟ್ಟದ್ದು 1897ರ ಫೆಬ್ರವರಿ 4ರ ಸಾಂಕ್ರಾಮಿಕ ರೋಗಗಳ ಕಾಯಿದೆ. 2020ರ ಮಾರ್ಚಿನಲ್ಲಿ ರಾಜ್ಯ ಸರಕಾರಗಳು ಧೂಳು ಕೊಡವಿ ಹೊರತೆಗೆದದ್ದೂ ಇದೇ ಕಾಯಿದೆಯನ್ನು!

ಪರೀಕ್ಷೆಯಿಂದ ಪ್ಲೇಗು ನಿಂತಿತೇ? ನಮ್ಮ ಹುಬ್ಬಳ್ಳಿಯನ್ನು ಕೇಳಿ. ಅಲ್ಲಿಗೆ ಬಂತು, ಅಲ್ಲಿಂದ ರೈಲು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂತು. ಪರೀಕ್ಷೆಗೆ ಒಳಗಾದದ್ದು ಮನುಷ್ಯ. ಧಾನ್ಯದ ಮೂಟೆಗಳ ನಡುವಿನ ಇಲಿಯನ್ನು ಸಾಲಿನಲ್ಲಿ ನಿಲ್ಲಿಸಿದವರು ಯಾರು? ಇಲಿಯ ಚಿಗಟವೇ ರೋಗವನ್ನು ಹೊತ್ತು ತರುತ್ತದೆಂದು ಪಾಲ್ ಲೂಯಿ ಸಿಮೋಂ 1898ರಲ್ಲಿ ಹೇಳಿದಾಗ ನಂಬಿದವರೂ ಕಡಿಮೆ.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಅದೇ ಭಯ ವಿಮಾನವೇರಿತು. ಪ್ರಯಾಣಕ್ಕೆ ಅಡ್ಡಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೊಲ್ಲಿಯ ದೇಶಗಳು ವಿಮಾನ ನಿಲ್ಲಿಸಿದವು. ರಜೆಗೆಂದು ಊರಿಗೆ ಬಂದು ವೀಸಾದ ದಿನ ಎಣಿಸುವವನಿಗೆ ಅದರ ಅರ್ಥ ಏನೆಂದು ಕರಾವಳಿಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಹಾರ್. 2021ರ ಆಗಸ್ಟಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ನಮ್ಮವರಿಗೆ ಬಾಗಿಲು ತೆರೆದಾಗ ಎರಡು ಚೀಟಿ ಕೇಳಿತು. ಒಂದು, 48 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್. ಇನ್ನೊಂದು, ವಿಮಾನ ನಿಲ್ದಾಣದಲ್ಲಿಯೇ ಹೊರಡುವ ಕೆಲವೇ ಗಂಟೆಗಳ ಮೊದಲು ಮಾಡಿಸುವ ವೇಗದ ಪರೀಕ್ಷೆ. ಆ ಯಂತ್ರವಿಲ್ಲದ ನಿಲ್ದಾಣದಿಂದ ಹೊರಡುವಂತೆಯೇ ಇರಲಿಲ್ಲ. ಬಜಪೆಗೆ ಅದು ಬರುವ ತನಕ ಮಂಗಳೂರಿನವರು ಬೇರೆ ಊರಿನ ದಾರಿ ಹಿಡಿಯಬೇಕಾಯಿತು. ಒಮಿಕ್ರಾನ್ ಬಂದ ಮೇಲೆ, 2021ರ ಡಿಸೆಂಬರ್ 1ರಿಂದ ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬಂದಿಳಿದವರಿಗೂ ಇಲ್ಲಿ ಪರೀಕ್ಷೆ. ಸಾಮಾನ್ಯ ಪರೀಕ್ಷೆಗೆ 600 ರೂಪಾಯಿ, ಆದರೆ ಗಂಟೆಗಟ್ಟಲೆ ಕಾಯಬೇಕು. ಬೇಗ ಬೇಕಾದರೆ 3,900. ಕೂಗೆದ್ದ ಮೇಲೆ ಅದು ಇಳಿಯಿತು. ನಾಲ್ಕು ಜನರ ಸಂಸಾರವಾದರೆ ನೀವೇ ಲೆಕ್ಕ ಹಾಕಿ.

ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಸೋಂಕು ಹೊಸದಾಗಿದ್ದಾಗ, ಲಸಿಕೆ ಇಲ್ಲದಾಗ, ಅದು ಒಂದಷ್ಟು ದಿನದ ಬಿಡುವು ಕೊಡಿಸಿರಬಹುದು. ಹೊಸ ರೂಪದ ವೈರಾಣು ಯಾವುದೆಂದು ತಿಳಿಯಲೂ ಮಾದರಿಗಳು ಬೇಕು. ಆದರೆ 48 ಗಂಟೆಯ ಹಿಂದಿನ ಚೀಟಿ ಹೇಳುವುದು ಮೊನ್ನೆಯ ಸಂಗತಿಯನ್ನು. ನಿನ್ನೆ ಟ್ಯಾಕ್ಸಿಯಲ್ಲಿ ಅಂಟಿದ್ದನ್ನು ಅದು ಹೇಗೆ ಹೇಳೀತು? ಚೀಟಿ ಇಲ್ಲದವನ ಕೆಲಸ ಹೋಯಿತು. ವೈರಾಣು ಮಾತ್ರ ಹೇಗೋ ದಾಟಿಕೊಂಡಿತು, ಆ ಕಾಲದ ಇಲಿಯ ಹಾಗೆ. 2022ರ ಫೆಬ್ರವರಿಯಲ್ಲಿ ದುಬಾಯಿಯವರು ನಿಲ್ದಾಣದ ಪರೀಕ್ಷೆಯನ್ನು ಕೈಬಿಟ್ಟರು. ಆ ವರ್ಷ ನವೆಂಬರಿನಲ್ಲಿ ನಮ್ಮ ಏರ್ ಸುವಿಧಾ ಅರ್ಜಿಯೂ ಹೋಯಿತು. ಚೀನಾ, ಜಪಾನ್ ಮೊದಲಾದ ಆರು ಕಡೆಗಳಿಂದ ಬರುವವರಿಗಾಗಿ 2023ರ ಜನವರಿಯಲ್ಲಿ ಮತ್ತೆ ಬಂದ ನಿಯಮ ಫೆಬ್ರವರಿಯಲ್ಲಿ ಮುಗಿಯಿತು.

ಉಳಿದಿರುವುದು ಹಳದಿ ಜ್ವರದ ಲಸಿಕೆಯ ಪುಸ್ತಕ. ಕೆನ್ಯಾಕ್ಕೋ ಉಗಾಂಡಕ್ಕೋ ಮಗನ ಮನೆಗೆ ಹೊರಟಿದ್ದೀರಾದರೆ ಕನಿಷ್ಠ 10 ದಿನ ಮೊದಲೇ ಚುಚ್ಚಿಸಿಕೊಳ್ಳಿ. ಅದಿಲ್ಲದೆ ಮರಳಿ ಬಂದರೆ 6 ದಿನಗಳವರೆಗೆ ಇಲ್ಲಿ ಪ್ರತ್ಯೇಕ ಇರಿಸಬಹುದು. 2016ರ ಜುಲೈಯಿಂದ ಒಮ್ಮೆ ಹಾಕಿಸಿಕೊಂಡದ್ದು ಜೀವನಪರ್ಯಂತ ಸಲ್ಲುತ್ತದೆ. ಹತ್ತು ವರ್ಷ ದಾಟಿತೆಂದು ಹಳೆಯ ಪುಸ್ತಕವನ್ನು ರದ್ದಿಯವನಿಗೆ ಕೊಡಬೇಡಿ.