ಕೋಡಿ ಬೀಳುವವರೆಗೆ

ಶಾಲೆಯ ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಕೊನೆಗೆ ಬಂದ ಮೊಮ್ಮಗಳು ಸೈಕಲ್ಲನ್ನು ಹಿತ್ತಲಿಗೆ ತಳ್ಳಿ, "ಇನ್ನು ಮುಟ್ಟಲ್ಲ ತಾತ" ಎಂದುಬಿಟ್ಟಳು. ಸಮಾಧಾನ ಹೇಳಲು ಹೋಗಲಿಲ್ಲ. "ನಾಳೆ ಭಾನುವಾರ, ನನ್ನ ಜೊತೆ ಸುತ್ತಾಡೋಕೆ ಬಾ" ಎಂದೆ.

ಬೆಳಿಗ್ಗೆ ಚಿತ್ರದುರ್ಗದಲ್ಲಿ ಬಸ್ ಹತ್ತಿದೆವು. ಕೋಟೆಯ ಬಂಡೆಗಳು ಹಿಂದೆ ಸರಿದವು. ಹೊಳಲ್ಕೆರೆಯಲ್ಲಿ ಇಳಿದು ಬಯಲು ಗಣಪನಿಗೆ ಕೈಮುಗಿದೆವು. ಅಲ್ಲಿಂದ ಹೊಸದುರ್ಗ. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ಕೇಳಿದಳು, "ಒಟ್ಟು ಎಷ್ಟು ದೂರ ತಾತ?"

"ಹಿರಿಯೂರು ಸುತ್ತಿ ಮತ್ತೆ ದುರ್ಗ ಸೇರೋ ಹೊತ್ತಿಗೆ 150 ಕಿಲೋಮೀಟರ್ ಆಸುಪಾಸು. ಇಷ್ಟನ್ನು ಒಂದೇ ದಿನ ಸೈಕಲ್‌ನಲ್ಲಿ ಹೋಗ್ತೀಯಾ?"

"ಅಯ್ಯೋ, ಯಾರಿಗಾಗುತ್ತೆ?"

ಆಗ ಯುಕಿಯಾ ಅರಾಶಿರೊ ಅವರ ಕಥೆ ಹೇಳಿದೆ. ಜಪಾನಿನ ಇಶಿಗಾಕಿ ಎಂಬ ದ್ವೀಪದವರು. ಶಾಲೆಯಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದ ಹುಡುಗ ಆಮೇಲೆ ಸೈಕಲ್ ಹಿಡಿದರು. 2009ರ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ 21 ಹಂತ, ಸುಮಾರು 3,460 ಕಿಲೋಮೀಟರ್. ನಮ್ಮ ಈ ಸುತ್ತನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹಾಕಿದಷ್ಟು! ಮೇಲಿಂದ ದೊಡ್ಡ ದೊಡ್ಡ ಪರ್ವತಗಳು. ಊಟವೂ ಸೈಕಲ್ ಮೇಲೆಯೇ.

"ಗೆದ್ದರಾ?"

"ಇಲ್ಲ. 129ನೆಯವರಾಗಿ ಬಂದರು. ಅವರ ದೇಶದವರೇ ಆದ ಫುಮಿಯುಕಿ ಬೆಪ್ಪು 112ನೆಯವರು."

ಅವಳ ಮುಖ ಸಪ್ಪಗಾಯಿತು. ನಾನು ಸುಮ್ಮನಾದೆ.

ಹಿರಿಯೂರಿನ ದಾರಿಯಲ್ಲಿ ಮಾರಿಕಣಿವೆಯಲ್ಲಿ ಇಳಿದೆವು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ. 1933ರಲ್ಲಿ ಇದು ಕೋಡಿ ಬಿದ್ದದ್ದನ್ನು ನಮ್ಮಪ್ಪ ಹುಡುಗನಾಗಿದ್ದಾಗ ನೋಡಿದ್ದರಂತೆ. ನಾನು ನೋಡಿದ್ದು 2022ರಲ್ಲಿ. ನಡುವೆ 89 ವರ್ಷ!

"ಜಪಾನಿನವರೂ ಹೀಗೇ ಕಾದರು ಪುಟ್ಟಿ. 1926ರಲ್ಲಿ ಕಿಸ್ಸೊ ಕವಮುರೊ ಎಂಬವರು ಆ ಪಂದ್ಯಕ್ಕೆ ಇಳಿದರು, ಮುಗಿಸಲಾಗಲಿಲ್ಲ. 1996ರಲ್ಲಿ ಇನ್ನೊಬ್ಬರು ಹೋದರು, ಅವರಿಗೂ ಆಗಲಿಲ್ಲ. ಮೊದಲ ಸಲ ಕೊನೆಯ ಗೆರೆ ದಾಟಿದ ಜಪಾನೀಯರು ಅಂದರೆ ಅರಾಶಿರೊ, ಬೆಪ್ಪು. 83 ವರ್ಷ ಬೇಕಾಯಿತು. ಅದಕ್ಕೇ ಅವರೆಂದರೆ ಅಲ್ಲಿನವರಿಗೆ ಅಷ್ಟು ಅಕ್ಕರೆ. ಅರಾಶಿರೊ ಅಷ್ಟಕ್ಕೇ ನಿಲ್ಲಲಿಲ್ಲ. 2013ರಲ್ಲೂ 2022ರಲ್ಲೂ ಜಪಾನಿನ ರಾಷ್ಟ್ರೀಯ ಚಾಂಪಿಯನ್ ಆದರು."

ಅವಳು ನೀರನ್ನೇ ನೋಡುತ್ತಿದ್ದಳು. "ತಾತ, ಒಟ್ಟು ಎಷ್ಟು ಜನ ಮುಗಿಸಿದರು?"

"156."

"ಹಾಗಾದ್ರೆ ಅವರ ಹಿಂದೆ 27 ಜನ ಇದ್ದರು. ನನ್ನ ಹಿಂದೆ ಯಾರೂ ಇರಲಿಲ್ಲ."

ಲೆಕ್ಕದಲ್ಲಿ ಅವಳನ್ನು ಸೋಲಿಸುವುದು ಕಷ್ಟ. "ಹೊರಟವರು 180 ಜನ. 24 ಮಂದಿ ಪ್ಯಾರಿಸ್‌ವರೆಗೆ ಬರಲೇ ಇಲ್ಲ. ನೀನು ಗೆರೆ ದಾಟಿದೆ ತಾನೆ?"

"ಹೂಂ, ದಾಟಿದೆ."

ಹಿರಿಯೂರಿನಿಂದ ದುರ್ಗದವರೆಗೂ ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು. ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಹಿತ್ತಲಿನಲ್ಲಿ ಸೈಕಲ್ ಪಂಪು ಹೊಡೆಯುವ ಸದ್ದಿಗೆ.