ಬಿಡಿ ಚೀಟಿ, ಕಟ್ಟಿದ ಕ್ರಮ

ಗ್ರಂಥವೊಂದನ್ನು ಬರೆಯಹೊರಟವನಿಗೆ ಮಾತು ಒದಗಿದರೂ ಮಾತುಗಳ ಕ್ರಮ ಒಡನೆಯೇ ಒದಗುವುದಿಲ್ಲ. ಕೀತ್ ಬ್ಲೌಂಟ್ ರೂಪಿಸಿ 2007ರಲ್ಲಿ ಹೊರತಂದ ಸ್ಕ್ರಿವ್ನರ್ ಎಂಬ ಬರವಣಿಗೆಯ ತಂತ್ರಾಂಶವು ಈ ತೊಡಕಿಗೆ ಎರಡು ನೋಟಗಳನ್ನು ಒದಗಿಸುತ್ತದೆ. ಕಾರ್ಕ್‌ಬೋರ್ಡ್ ಎಂಬ ನೋಟದಲ್ಲಿ ಪ್ರತಿಯೊಂದು ಪ್ರಕರಣವೂ ಶೀರ್ಷಿಕೆ, ಸಾರಾಂಶಗಳನ್ನು ಹೊತ್ತ ಒಂದು ಇಂಡೆಕ್ಸ್ ಕಾರ್ಡ್. ಔಟ್‌ಲೈನರ್ ಎಂಬ ನೋಟದಲ್ಲಿ ಅದೇ ಪ್ರಕರಣವು ಒಂದು ಸಾಲು. ಅದರ ಅಡಿಯಲ್ಲಿ ಉಪಪ್ರಕರಣಗಳ ಸಾಲುಗಳು. ಬರಹ ಒಂದೇ. ಕಾರ್ಡನ್ನು ಸರಿಸಿದರೆ ಅದರ ಹಿಂದಿರುವ ಬರಹವೂ ಸರಿಯುತ್ತದೆ. ಆದ್ದರಿಂದ ಯಾವುದನ್ನು ಆರಿಸಿದರೇನು ಎಂದು ಭಾವಿಸುವವರುಂಟು.

ಆದರೆ ಕಣ್ಣಿಗೆ ಕಂಡುದನ್ನೇ ಮನಸ್ಸು ವಿಚಾರಿಸುತ್ತದೆ. ಹಲಗೆಯ ಮೇಲೆ ಮೂರು ಸಾಲಿನ ಟಿಪ್ಪಣಿಯೂ ಮೂವತ್ತು ಪುಟಗಳ ಅಧ್ಯಾಯವೂ ಒಂದೇ ಅಳತೆಯ ಚೌಕದಲ್ಲಿ ಕುಳಿತಿರುತ್ತವೆ. ಔಟ್‌ಲೈನರ್‌ನಲ್ಲಿ ಪದಸಂಖ್ಯೆಯ ಅಂಕಣವನ್ನು ತೆರೆದೊಡನೆ ಎಲ್ಲಿ ಉಬ್ಬಿದೆ, ಎಲ್ಲಿ ಬಡವಾಗಿದೆ ಎಂಬುದು ಬಯಲಾಗುತ್ತದೆ.

ಕಾಗದದ ಕಾರ್ಡನ್ನೇ ನಂಬಿ ಬರೆದವರಲ್ಲಿ ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ ಪ್ರಸಿದ್ಧ. ಇಡೀ ಕೃತಿಯು ಮನಸ್ಸಿನಲ್ಲಿ ಮೂಡಿದ ಮೇಲೆ, ಯಾವ ಭಾಗ ಒಲಿಯಿತೋ ಅದನ್ನು ಕಾರ್ಡಿನಲ್ಲಿ ಬರೆದು ಬಳಿಕ ಜೋಡಿಸುವುದು ಆತನ ಪದ್ಧತಿ. 1977ರಲ್ಲಿ ಆತ ತೀರಿಕೊಂಡಾಗ ‘ದಿ ಒರಿಜಿನಲ್ ಆಫ್ ಲಾರಾ’ ಎಂಬ ಕೃತಿ 138 ಕಾರ್ಡುಗಳಲ್ಲಿ ಅಪೂರ್ಣವಾಗಿ ಉಳಿಯಿತು. ಮುಗಿಯದಿದ್ದರೆ ಅದನ್ನು ನಾಶಮಾಡಬೇಕೆಂಬುದು ಆತನ ಇಚ್ಛೆಯಾಗಿತ್ತು. ಮಗ ದ್ಮಿತ್ರಿ ಬಹುಕಾಲ ತೊಳಲಾಡಿ 2009ರಲ್ಲಿ ಅದನ್ನು ಪ್ರಕಟಿಸಿದ. ಪುಟಗಳಲ್ಲಿ ಆ ಕಾರ್ಡುಗಳ ಪ್ರತಿರೂಪವನ್ನೇ ಅಚ್ಚುಮಾಡಿ, ಓದುಗನು ಕಿತ್ತು ತನಗೆ ತೋಚಿದಂತೆ ಜೋಡಿಸಿಕೊಳ್ಳಲೆಂದು ಅಂಚಿಗೆ ರಂಧ್ರಗಳ ಸಾಲನ್ನು ಕೊಡಲಾಯಿತು. ಔದಾರ್ಯವೇನೋ ಹೌದು. ಆದರೆ ಕ್ರಮವನ್ನು ಬಲ್ಲ ಒಬ್ಬನೇ ಇಲ್ಲವಾದ ಮೇಲೆ ಕಾರ್ಡುಗಳ ಸ್ವಾತಂತ್ರ್ಯವು ಅನಾಥಸ್ಥಿತಿಗೆ ತಿರುಗಿತ್ತು.

ಇಷ್ಟರಿಂದ ಕಾರ್ಡು ಹೀನವೆನ್ನಲಾಗದು. ಕ್ರಮವು ಇನ್ನೂ ಹೊಳೆಯದವನಿಗೆ ರೂಪುರೇಖೆಯು ಬಲುಬೇಗ ಬೇಡಿಯಾಗುತ್ತದೆ. ಒಮ್ಮೆ ಒಂದರ ಅಡಿಯಲ್ಲಿ ಇರಿಸಿದುದನ್ನು ಹೊರತೆಗೆಯಲು ಕೈ ಹಿಂಜರಿಯುತ್ತದೆ. ಸ್ಕ್ರಿವ್ನರ್‌ನಲ್ಲಿ ಇದಕ್ಕೂ ಒಂದು ಉಪಾಯವಿದೆ. ಕಾರ್ಡುಗಳನ್ನು ಹಲಗೆಯ ಮೇಲೆ ಮನಬಂದಂತೆ ಹರಡಿದರೂ ಮೂಲ ಕ್ರಮವು ಕದಲದಿರುವ ಇನ್ನೊಂದು ನೋಟವುಂಟು. ಬರೆಯುವವನು ಒಪ್ಪಿ ಆಜ್ಞೆ ಕೊಟ್ಟ ಮೇಲೆಯೇ ಹೊಸ ಕ್ರಮವು ನೆಲೆಗೊಳ್ಳುತ್ತದೆ. ಹಲಗೆಯನ್ನು ಅಂದಗೊಳಿಸುವುದರಲ್ಲೇ ದಿನ ಕಳೆಯುವವರು ಆ ಒಪ್ಪಿಗೆಯವರೆಗೆ ಬರುವುದೇ ಇಲ್ಲ. ಅಂಥವರು ಒಂದು ಸಂಜೆಯಾದರೂ ಕಾರ್ಡುಗಳನ್ನು ಮುಚ್ಚಿಟ್ಟು, ಔಟ್‌ಲೈನರ್ ತೆರೆದು, ಯಾವುದು ಯಾವುದರ ಒಳಗೆ ಸಲ್ಲುವುದೆಂದು ನಿಶ್ಚಯಿಸಬೇಕಾಗುತ್ತದೆ.