ಮೂರು ಕಲಂಗಳ ಪಟ್ಟಿ

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ದೆಹಲಿಗೆ ಬಂದು ಹದಿನೆಂಟು ವರ್ಷಗಳಾದವು. ಬಿ.ಎಸ್‌ಸಿ. ಮಾಡಿದ್ದೇವೆಂಬ ಒಂದೇ ಅಪರಾಧಕ್ಕಾಗಿ ಕಂಪ್ಯೂಟರಿನ ಸಕಲ ಸಂಕಟಗಳೂ ನಮ್ಮ ಮೇಜಿಗೇ ಬರುತ್ತವೆ. ಓದಿದ್ದು ರಸಾಯನಶಾಸ್ತ್ರವೆಂದರೆ ಕೇಳುವವರಿಲ್ಲ.

2019ರಲ್ಲಿ ನಮ್ಮ ಕಡೆಯ ಕನ್ನಡ ಕುಟುಂಬಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಹತ್ತು ಮಂದಿ ಸೇರಿ ತೀರ್ಮಾನಿಸಿದೆವು. ಉಪ್ಪಿಟ್ಟು ಕಾಫಿಯ ನಡುವೆ ಯೋಜನೆ ಬೆಳೆಯಿತು. ವಿಳಾಸದ ಪಟ್ಟಿಯ ಜೊತೆಗೆ ಚಂದಾ ಲೆಕ್ಕವೂ ಇರಲಿ, ರಾಜ್ಯೋತ್ಸವದ ಊಟದ ಕೂಪನ್ನೂ ಇರಲಿ ಎಂದರು. ವಧೂವರರ ಜಾತಕ ಕೂಡಿಸುವ ಸೌಕರ್ಯವೂ ಬೇಕೆಂದರು ಹಿರಿಯರೊಬ್ಬರು. ನಾವಾದರೂ ಸುಮ್ಮನಿದ್ದೆವೇ? ಪುಸ್ತಕ ಭಂಡಾರವೊಂದನ್ನು ಸೇರಿಸಿದೆವು! ಪರಿಚಯದ ಹುಡುಗನೊಬ್ಬ, ಸಾಫ್ಟ್‌ವೇರ್ ಬಲ್ಲವನು, ಕಾಸು ಕೇಳದೆ ಒಪ್ಪಿಕೊಂಡ. ವರ್ಷಕ್ಕೂ ಮಿಕ್ಕಿ ದುಡಿದ. ಜಾತಕ ಸರಿಪಡಿಸಿದರೆ ಚಂದಾ ಕೆಡುತ್ತಿತ್ತು, ಚಂದಾ ಸರಿಹೋದರೆ ಕೂಪನ್ ಮುನಿಸಿಕೊಳ್ಳುತ್ತಿತ್ತು. ಅದೆಲ್ಲ ಮುಗಿಯುವ ತನಕ ಒಂದು ಹೆಸರನ್ನೂ ಹುಡುಕಿಕೊಡುವಂತಿರಲಿಲ್ಲ.

ಅಷ್ಟರಲ್ಲಿ 2021ರ ಏಪ್ರಿಲ್ ಬಂತು. ದೆಹಲಿಯಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ಒಂದು ರಾತ್ರಿ ಜನಕಪುರಿಯಿಂದ ಫೋನು: "ಯಾರ ಹತ್ತಿರವಾದರೂ ಸಿಲಿಂಡರ್ ಇದೆಯೇ ನೋಡಿ." ಯಾರನ್ನು ಕೇಳುವುದು? ಯೋಜನೆಯ ಕಡತ ನಮ್ಮಲ್ಲಿತ್ತು, ಫೋನ್ ನಂಬರುಗಳಿರಲಿಲ್ಲ. ಆ ರಾತ್ರಿ ನಾವೂ ನಮ್ಮ ಶ್ರೀಮತಿಯವರೂ ಕುಳಿತು ಒಂದು ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದೆವು. ಹೆಸರು, ಫೋನು, ಬಡಾವಣೆ: ಮೂರೇ ಕಲಂ. ಬೆಳಗಿನ ಹೊತ್ತಿಗೆ ನಲವತ್ತೊಂದು ಮನೆಗಳು ಬಂದವು. ವಾಟ್ಸ್‌ಆಪ್‌ನಲ್ಲಿ ಹಂಚಿದೆವು. ಸಿಲಿಂಡರ್ ದ್ವಾರಕಾದ ಒಂದು ಮನೆಯಲ್ಲಿ ಸಿಕ್ಕಿತು. ಯಾರಲ್ಲಿ ಏನಿದೆ ಎಂಬುದು ಮರುದಿನ ನಾಲ್ಕನೆಯ ಕಲಂ ಆಯಿತು.

ಐದನೆಯದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಿವೃತ್ತರೊಬ್ಬರು ಒಂಟಿಯಾಗಿದ್ದರು. ಪಟ್ಟಿಯಲ್ಲಿ ಅವರ ನಂಬರಿತ್ತು. ಎರಡು ದಿನ ಫೋನು ಬರಿದೇ ಬಡಿದುಕೊಂಡಿತು. ಪಕ್ಕದವರು ಯಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಬಾಗಿಲು ತೆಗೆಸಿದಾಗ ತಡವಾಗಿತ್ತು. ಅಂದೇ ಸೇರಿಸಿದೆವು: "ಪಕ್ಕದ ಮನೆಯವರ ಫೋನು."

ಜುಲೈ ತಿಂಗಳಲ್ಲಿ ಹುಡುಗ ಮನೆಗೆ ಬಂದ. ತಾನು ಬರೆದಿದ್ದನ್ನೆಲ್ಲ ಬದಿಗಿಟ್ಟು, ಈ ಹಾಳೆಯಿಂದಲೇ ಮತ್ತೆ ತೊಡಗುತ್ತೇನೆಂದ. ನಮಗೆ ಕಸಿವಿಸಿಯಾಯಿತು, ವರ್ಷದ ದುಡಿಮೆಯಲ್ಲವೇ? ಆಗ ಅವನು ಯೂನಿಕ್ಸ್‌ನ ಕಥೆ ಹೇಳಿದ. ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇತರರೊಡನೆ ಕೂಡಿ ಮಲ್ಟಿಕ್ಸ್ ಎಂಬ ಭಾರಿ ವ್ಯವಸ್ಥೆಯೊಂದಕ್ಕೆ ಕೈಹಾಕಿ, ಸಾಕಾಗಿ, 1969ರಲ್ಲಿ ಹೊರಬಂದರಂತೆ. ಅಲ್ಲಿಯ ಕೆನ್ ಥಾಂಪ್ಸನ್ ಎಂಬವರು ಅದೇ ವರ್ಷ ಪಿ.ಡಿ.ಪಿ.-7 ಎಂಬ ಚಿಕ್ಕ ಹಳೆಯ ಯಂತ್ರದ ಮೇಲೆ, ಹೆಂಡತಿ ಮಗುವಿನೊಡನೆ ಊರಿಗೆ ಹೋಗಿದ್ದ ಕೆಲವೇ ವಾರಗಳಲ್ಲಿ, ತೀರ ಸಣ್ಣದೊಂದನ್ನು ಕಟ್ಟಿ ನಿಲ್ಲಿಸಿದರು. ಅದು ನಡೆಯುತ್ತಿತ್ತು, ಅಷ್ಟೇ ಅದರ ಹೆಚ್ಚುಗಾರಿಕೆ. ಆಮೇಲೆ ಪೇಟೆಂಟ್ ವಿಭಾಗದವರು ಬರವಣಿಗೆಗೆ ಬಳಸತೊಡಗಿದರು. ಒಂದು ಕಾರ್ಯಕ್ರಮದ ಫಲವನ್ನು ಇನ್ನೊಂದಕ್ಕೆ ಹರಿಸುವ 'ಪೈಪ್' 1973ರಲ್ಲಿ ಬಂತು. ಡೆನ್ನಿಸ್ ರಿಚಿಯವರ ಸಿ ಭಾಷೆಯಲ್ಲಿ ಅದರ ತಿರುಳನ್ನು ತಿರುಗಿ ಬರೆದದ್ದೂ ಆ ವರ್ಷವೇ. (ಹೆಂಡತಿ ಊರಿಗೆ ಹೋದಾಗ ನಾವು ಅನ್ನವನ್ನೂ ನೆಟ್ಟಗೆ ಮಾಡಿದವರಲ್ಲ, ಶ್ರೀಮತಿಯವರು ಇದನ್ನು ಅಲ್ಲೇ ನೆನಪಿಸಿದರು.)

ಹುಡುಗ ಮೊದಲು ಹುಡುಕುವ ಸೌಕರ್ಯವೊಂದನ್ನೇ ಮಾಡಿದ. ನಾಲ್ಕು ತಿಂಗಳು ಅದನ್ನೇ ಬಳಸಿದೆವು. ಅನಂತರ ಚಂದಾ ಬಂತು, ಮರುವರ್ಷ ಕೂಪನ್. ಪುಸ್ತಕ ಭಂಡಾರವನ್ನು ನಾವೇ ಹಿಂತೆಗೆದುಕೊಂಡೆವು. ಜಾತಕದ ಹಿರಿಯರು ಮಾತ್ರ ಪ್ರತಿ ಸಭೆಯಲ್ಲೂ ನೆನಪಿಸುತ್ತಾರೆ.

ಈಗ ಐದನೆಯ ಕಲಂ ಖಾಲಿ ಬಿಟ್ಟರೆ ಕಂಪ್ಯೂಟರು ಹೆಸರನ್ನೇ ಸೇರಿಸಿಕೊಳ್ಳುವುದಿಲ್ಲ. ಪಕ್ಕದವರ ನಂಬರು ಯಾಕಪ್ಪಾ ಎಂದು ಹೊಸಬರು ಕೇಳುತ್ತಾರೆ. ನಮ್ಮ ಸಾಲಿನಲ್ಲಿ ಎದುರುಮನೆಯ ಸರ್ದಾರ್ಜಿಯವರ ನಂಬರಿದೆ. ಅವರ ಫೋನಿನಲ್ಲಿ ನಮ್ಮ ಹೆಸರು 'ಮದ್ರಾಸಿ' ಎಂದಿದೆಯಂತೆ. ಇರಲಿ, ಎತ್ತಿದರೆ ಸಾಕು.